ಬುದ್ಧಿ ಎಲ್ಲಿದೆ, ಪ್ರೀತಿ ಎಲ್ಲಿದೆ?

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕ ಕನ್ನಡಕ ಹಾಕಿಕೊಂಡು ಕೂತಿರುವ ಅಜ್ಜ ಅಜ್ಜಿಯರೇ,

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಹೃದಯಕ್ಕಾಗಿ ಜಗಳವಾಯಿತು. ಮೂರನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಪುಟ್ಟಿ ದೊಡ್ಡಜ್ಜಿಯ ಹುಟ್ಟುಹಬ್ಬಕ್ಕೆ ಕಾರ್ಡು ಮಾಡುತ್ತಿದ್ದಳು. ದೊಡ್ಡಜ್ಜಿ ಎಂದರೆ ನನ್ನ ಅಕ್ಕ. ಈ ವಾರ ಅವರಿಗೆ 84 ತುಂಬಿತು. ಪುಟ್ಟಿ ಕೆಂಪು ಸ್ಕೆಚ್ ಪೆನ್ನಿನಿಂದ ದೊಡ್ಡ ಹೃದಯ ಬರೆದು, ನಾಲಿಗೆ ಕಚ್ಚಿಕೊಂಡು ಬಣ್ಣ ತುಂಬುತ್ತಿದ್ದಳು. ಎಂಟನೇ ತರಗತಿಯ ಅವಳ ಅಣ್ಣ ಬಗ್ಗಿ ನೋಡಿ ನಕ್ಕ.

"ಹೃದಯ ಈ ಆಕಾರದಲ್ಲಿ ಇರೋದೇ ಇಲ್ಲ ಕಣೇ. ಅದು ಬರೀ ರಕ್ತದ ಪಂಪು. ಪ್ರೀತಿ, ನೆನಪು ಎಲ್ಲಾ ಇರೋದು ಮೆದುಳಲ್ಲಿ. ಪ್ರೀತಿ ತೋರಿಸ್ಬೇಕು ಅಂದ್ರೆ ಮೆದುಳಿನ ಚಿತ್ರ ಬರಿ."

ಪುಟ್ಟಿ ನನ್ನ ಹತ್ತಿರ ಓಡಿ ಬಂದಳು. "ತಾತ, ಇವನು ಹೇಳಿದ್ದು ನಿಜಾನಾ?"

"ನಿಜಾನೇ ಪುಟ್ಟಿ, ಬಹಳ ಮಟ್ಟಿಗೆ ನಿಜ" ಎಂದೆ.

ಅವಳು ಜಗಳ ಮುಂದುವರಿಸುತ್ತಾಳೆ ಎಂದುಕೊಂಡಿದ್ದೆ. ಮುಂದುವರಿಸಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಾಗಾದ್ರೆ ದೊಡ್ಡಜ್ಜಿ ಮೆದುಳಲ್ಲಿ ನಾನು ಇಲ್ಲ ಅಲ್ವಾ? ಅವ್ರಿಗೆ ನನ್ನ ಹೆಸರೇ ಗೊತ್ತಾಗಲ್ಲ. ನನ್ನ ಮೇಲಿನ ಪ್ರೀತೀನೂ ಹೋಗ್ಬಿಡ್ತಾ?"

ಅಣ್ಣನ ನಗು ನಿಂತಿತು. ನನಗೂ ತಕ್ಷಣ ಮಾತು ಹೊರಡಲಿಲ್ಲ.

ಅಕ್ಕ ನಮ್ಮ ಮನೆಗೆ ಬಂದು ಎರಡು ವರ್ಷವಾಯಿತು. ಮೊದಲು ಕನ್ನಡಕ ಎಲ್ಲಿಟ್ಟೆ ಎಂದು ಮರೆಯುತ್ತಿದ್ದರು. ಆಮೇಲೆ ಊಟ ಮಾಡಿದ್ದನ್ನು ಮರೆತರು. ಈಗ ನಮ್ಮ ಹೆಸರುಗಳನ್ನು ಮರೆತಿದ್ದಾರೆ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವರು, ಜೀವಮಾನವೆಲ್ಲ "ಏನೋ", "ಬಾರೋ" ಎಂದು ಕರೆದವರು, ಈಗ ನಾನು ಕೋಣೆಗೆ ಹೋದರೆ "ಬನ್ನಿ, ಕೂತ್ಕೊಳ್ಳಿ, ತಾವು ಎಲ್ಲಿಂದ ಬಂದ್ರಿ?" ಎನ್ನುತ್ತಾರೆ. ಆ ಮರ್ಯಾದೆಯ ಮಾತು ಕೇಳಿದಾಗ ನನಗೆ ಹೇಗಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಎಲ್ಲಾಗುತ್ತದೆ ಎಂದು ಮಾತ್ರ ಗೊತ್ತು: ತಲೆಯಲ್ಲಲ್ಲ, ಇಲ್ಲಿ, ಎದೆಯ ನಡುವೆ.

ಪುಟ್ಟಿಯ ಪ್ರಶ್ನೆ ನನ್ನದೂ ಆಗಿತ್ತು. "ಸಂಜೆ ಹೇಳ್ತೀನಿ. ಆದ್ರೆ ಸ್ವಲ್ಪ ದೂರದಿಂದ ಶುರು ಮಾಡ್ಬೇಕು, ಈಜಿಪ್ಟಿನಿಂದ" ಎಂದೆ. ಸಂಜೆ ಮೂವರೂ ಜಗಲಿಯ ಮೇಲೆ ಕೂತೆವು. ಅಲ್ಲಿ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

*

ಮೂರು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನ ಜನ ಸತ್ತವರ ದೇಹ ಕೆಡದಂತೆ ಕಾಪಾಡಿ ಇಡುತ್ತಿದ್ದರು. ಅದನ್ನೇ ನಾವು ಮಮ್ಮಿ ಎನ್ನುತ್ತೇವೆ. ಸತ್ತ ಮೇಲೆ ಇನ್ನೊಂದು ಬದುಕಿದೆ, ಅಲ್ಲಿ ಈ ದೇಹ ಬೇಕಾಗುತ್ತದೆ ಎಂಬುದು ಅವರ ನಂಬಿಕೆ. ನೇಟ್ರನ್ ಎಂಬ ಉಪ್ಪಿನಂಥ ಪುಡಿಯಲ್ಲಿ ದೇಹವನ್ನು ಒಣಗಿಸುತ್ತಿದ್ದರು. ಎಲ್ಲ ಕೆಲಸ ಮುಗಿಯಲು ಸುಮಾರು 70 ದಿನ ಹಿಡಿಯುತ್ತಿತ್ತು.

ಒಳಗಿನ ಅಂಗಗಳು ಬೇಗ ಕೆಡುತ್ತವೆ ಅಲ್ಲವೇ? ಹಾಗಾಗಿ ಅವುಗಳನ್ನು ಹೊರಗೆ ತೆಗೆಯುತ್ತಿದ್ದರು. ಯಕೃತ್ತು (ನೀವು ಲಿವರ್ ಎನ್ನುತ್ತೀರಲ್ಲ, ಅದು), ಶ್ವಾಸಕೋಶ, ಜಠರ, ಕರುಳು, ಈ ನಾಲ್ಕನ್ನು ನಾಲ್ಕು ಜಾಡಿಗಳಲ್ಲಿ ಜೋಪಾನವಾಗಿ ಇಡುತ್ತಿದ್ದ ಕಾಲವಿತ್ತು. ಒಂದೊಂದಕ್ಕೂ ಒಬ್ಬ ದೇವರ ಕಾವಲು. ಮುಚ್ಚಳಗಳ ಮೇಲೆ ಆ ದೇವರ ತಲೆ: ಯಕೃತ್ತಿಗೆ ಮನುಷ್ಯನ ತಲೆ, ಶ್ವಾಸಕೋಶಕ್ಕೆ ಕೋತಿಯ ತಲೆ, ಜಠರಕ್ಕೆ ನರಿಯಂಥ ಪ್ರಾಣಿಯ ತಲೆ, ಕರುಳಿಗೆ ಗಿಡುಗನ ತಲೆ.

"ಮೆದುಳಿಗೆ ಯಾವ ಜಾಡಿ ತಾತ?" ಎಂದು ಅಣ್ಣ ಕೇಳಿದ.

ಅದೇ ಸೋಜಿಗ. ಮೆದುಳಿಗೆ ಜಾಡಿಯೇ ಇರಲಿಲ್ಲ! ಮೂಗಿನ ಹೊಳ್ಳೆಯೊಳಗೆ ಕೊಕ್ಕೆ ತೂರಿಸಿ ಅದನ್ನು ಚೂರುಚೂರಾಗಿ ಎಳೆದು ತೆಗೆಯುತ್ತಿದ್ದರು ಎಂದು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಲೇಖಕ ಹೆರೊಡೋಟಸ್ ಬರೆದಿದ್ದಾನೆ. ಮಮ್ಮಿಗಳನ್ನು ಪರೀಕ್ಷಿಸಿದವರೂ ಮೂಗಿನ ಹಿಂದಿನ ಎಲುಬು ಒಡೆದಿರುವುದನ್ನು ಕಂಡಿದ್ದಾರೆ. ತೆಗೆದ ಮೆದುಳನ್ನು ಯಾರೂ ಕಾಪಾಡಿ ಇಡಲಿಲ್ಲ. ಮುಂದಿನ ಬದುಕಿಗೆ ಅದು ಬೇಕಾಗುತ್ತದೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ.

ಆದರೆ ಹೃದಯವನ್ನು ಅವರು ಅದರ ಜಾಗದಲ್ಲೇ ಬಿಡಲು ನೋಡುತ್ತಿದ್ದರು. ಏಕೆಂದರೆ ಅವರ ಪ್ರಕಾರ ಯೋಚನೆ, ಬುದ್ಧಿ, ನೆನಪು, ಸಂತೋಷ, ಆಸೆ ಎಲ್ಲದರ ಮನೆ ಹೃದಯವೇ. ಮನುಷ್ಯ ಮಾಡಿದ ಒಳ್ಳೆಯದು, ಕೆಟ್ಟದ್ದು ಎಲ್ಲವೂ ಅಲ್ಲಿ ದಾಖಲಾಗಿರುತ್ತದೆ. ಅದು ಬಿಟ್ಟುಹೋದರೆ ಮನುಷ್ಯನೇ ಬಿಟ್ಟುಹೋದಂತೆ.

*

ಸತ್ತ ಮೇಲೆ ಏನಾಗುತ್ತದೆ ಎಂಬುದನ್ನು ಅವರು ಚಿತ್ರವಾಗಿಯೂ ಬರೆದಿಟ್ಟರು. ಅನಿ ಎಂಬ ಒಬ್ಬ ಲಿಪಿಕಾರನಿಗಾಗಿ ಕ್ರಿ.ಪೂ. 1250ರ ಸುಮಾರಿಗೆ ಮಾಡಿದ ಪಪೈರಸ್ ಸುರುಳಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಒಂದು ದೊಡ್ಡ ತಕ್ಕಡಿಯಿದೆ. ಒಂದು ತಟ್ಟೆಯಲ್ಲಿ ಅನಿಯ ಹೃದಯ. ಇನ್ನೊಂದರಲ್ಲಿ ಒಂದು ಗರಿ. ಅದು ಮಾತ್ ಎಂಬ ದೇವತೆಯ ಗರಿ. ಸತ್ಯ, ನ್ಯಾಯ, ಲೋಕದ ಒಳ್ಳೆಯ ಕ್ರಮ ಎಲ್ಲವೂ ಸೇರಿದರೆ ಮಾತ್.

ನರಿಯಂಥ ಮುಖದ ಅನುಬಿಸ್ ದೇವರು ತಕ್ಕಡಿಯ ಮುಳ್ಳನ್ನು ಸರಿಯಾಗಿ ನೋಡುತ್ತಿದ್ದಾನೆ. ಹಕ್ಕಿಯ ಮುಖದ ಥೋತ್ ದೇವರು ಲೇಖನಿ ಹಿಡಿದು ಫಲಿತಾಂಶ ಬರೆದುಕೊಳ್ಳಲು ನಿಂತಿದ್ದಾನೆ. ಅವನ ಹಿಂದೆ ಒಂದು ಪ್ರಾಣಿ ಕಾಯುತ್ತಿದೆ. ಅದರ ಹೆಸರು ಅಮ್ಮಿತ್. ತಲೆ ಮೊಸಳೆಯದು, ಮುಂಭಾಗ ಸಿಂಹದ್ದು, ಹಿಂಭಾಗ ನೀರಾನೆಯದು. ಹೃದಯ ತಪ್ಪುಗಳಿಂದ ಭಾರವಾಗಿದ್ದರೆ ಅಮ್ಮಿತ್ ಅದನ್ನು ತಿಂದುಬಿಡುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಹೃದಯವೂ ಗರಿಯೂ ಸರಿಸಮವಾಗಿ ತೂಗಿದರೆ ಮುಂದಿನ ಬದುಕಿನ ಬಾಗಿಲು ತೆರೆಯುತ್ತದೆ.

ಈ ಪರೀಕ್ಷೆಯಲ್ಲಿ ಸತ್ತವನು 42 ದೇವತೆಗಳ ಮುಂದೆ ತಾನು ಯಾವ ಯಾವ ತಪ್ಪು ಮಾಡಿಲ್ಲ ಎಂದು ಹೇಳಬೇಕು. ಕದ್ದಿಲ್ಲ, ಸುಳ್ಳು ಹೇಳಿಲ್ಲ, ಯಾರನ್ನೂ ಅಳಿಸಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ, ಹೀಗೆ. ಸಂತೆಯಲ್ಲಿ ತಕ್ಕಡಿ ಹಿಡಿದು ಮೋಸ ಮಾಡಿದವನನ್ನೂ ಅಲ್ಲಿ ತಕ್ಕಡಿಯೇ ಹಿಡಿಯುತ್ತದೆ ನೋಡಿ.

"ಬಾಯಲ್ಲಿ ಸುಳ್ಳು ಹೇಳ್ಬಿಟ್ರೆ?" ಎಂದಳು ಪುಟ್ಟಿ.

ಅದಕ್ಕೇ ಅವರಿಗೆ ಹೃದಯದ ಭಯ. ಬಾಯಿ ಸುಳ್ಳು ಹೇಳಬಹುದು, ಹೃದಯ ಎಲ್ಲವನ್ನೂ ನೋಡಿದೆಯಲ್ಲ! ಅದು ಎದ್ದು ನಿಂತು ಸಾಕ್ಷಿ ಹೇಳಿಬಿಟ್ಟರೆ? ಹಾಗಾಗದಿರಲಿ ಎಂದು ಮಮ್ಮಿಯ ಎದೆಯ ಮೇಲೆ ಕಲ್ಲಿನಲ್ಲಿ ಕೆತ್ತಿದ ಸಗಣಿ ಹುಳುವಿನ ಗೊಂಬೆಯೊಂದನ್ನು ಇಡುತ್ತಿದ್ದರು. ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಎಂದು ಹೃದಯವನ್ನೇ ಬೇಡಿಕೊಳ್ಳುವ ಮಂತ್ರ ಅದರ ಕೆಳಗೆ ಇರುತ್ತಿತ್ತು. ಆ ಮಂತ್ರದಲ್ಲಿ ಹೃದಯವನ್ನು ತಾಯಿಯಿಂದ ಬಂದದ್ದು ಎಂದು ಕರೆಯುತ್ತಾರೆ.

*

ಅಷ್ಟು ದೊಡ್ಡ ಪಿರಮಿಡ್ಡುಗಳನ್ನು ಕಟ್ಟಿದವರು ಮೆದುಳನ್ನು ಹೇಗೆ ಮರೆತರು? ಒಂದು ಕ್ಷಣ ಅವರ ಜಾಗದಲ್ಲಿ ನಿಂತು ನೋಡಿ. ನಿಮ್ಮ ಬಳಿ ಎಕ್ಸ್-ರೇ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಹೆದರಿದರೆ ಯಾವುದು ಬಡಿದುಕೊಳ್ಳುತ್ತದೆ? ಎದೆ. ಖುಷಿಯಾದರೆ ಯಾವುದು ಉಬ್ಬುತ್ತದೆ? ಎದೆ. ಮೆದುಳು ಬಡಿಯುವುದಿಲ್ಲ, ಸದ್ದು ಮಾಡುವುದಿಲ್ಲ. ಜೀವ ಹೋದಾಗ ನಿಲ್ಲುವುದೂ ಎದೆಬಡಿತವೇ. ದೇಹದ ಯಾವ ಭಾಗದ ಮೇಲೆ ಬೆರಳಿಟ್ಟರೂ ಅಲ್ಲಿ ಹೃದಯದ ಮಾತು ಕೇಳುತ್ತದೆ ಎಂಬ ಅರ್ಥದ ವಿವರಣೆ ಈಜಿಪ್ಟಿನ ಹಳೆಯ ವೈದ್ಯಗ್ರಂಥವಾದ ಎಬರ್ಸ್ ಪಪೈರಸ್‌ನಲ್ಲಿದೆ. ಅದು ಕ್ರಿ.ಪೂ. 1550ರ ಸುಮಾರಿನದು. ನಾಡಿ ಮಿಡಿತವನ್ನು ಅವರು ಗಮನಿಸಿದ್ದು ಹೀಗೆ. ಎಲ್ಲೆಲ್ಲೂ ಮಾತಾಡುವವನೇ ಯಜಮಾನ ಎಂದು ಅವರು ತಿಳಿದುಕೊಂಡರು.

ಸಂತೋಷ ಎನ್ನಲು ಅವರ ಭಾಷೆಯಲ್ಲಿ ಹೃದಯ ಉದ್ದವಾಗುವುದು ಎಂಬ ಮಾತಿತ್ತು. ನಗಬೇಡಿ! ಕನ್ನಡದಲ್ಲಿ ನಾವು ಸಂತೋಷಕ್ಕೆ ಹಿಗ್ಗು ಎನ್ನುತ್ತೇವೆ. ಹಿಗ್ಗುವುದು ಎಂದರೂ ಉಬ್ಬುವುದು, ದೊಡ್ಡದಾಗುವುದೇ ಅಲ್ಲವೇ?

ಬೇರೆ ಬೇರೆ ನಾಡಿನವರು ಬೇರೆ ಬೇರೆ ಅಂಗಕ್ಕೆ ಪಟ್ಟ ಕಟ್ಟಿದರು. ಈಗಿನ ಇರಾಕ್ ಇರುವಲ್ಲಿ ಬಾಳಿದ ಬ್ಯಾಬಿಲೋನಿನ ಜನರಿಗೆ ಯಕೃತ್ತು ಬಹಳ ಮುಖ್ಯ. ಅವರ ಭಾಷೆಯಲ್ಲಿ ಯಕೃತ್ತಿಗೆ ಇದ್ದ ಒಂದು ಹೆಸರನ್ನು ಮನಸ್ಸಿಗೂ ಬಳಸುತ್ತಿದ್ದರು. ಬಲಿ ಕೊಟ್ಟ ಕುರಿಯ ಯಕೃತ್ತಿನ ಮೇಲೆ ದೇವರು ಮುಂದಾಗುವುದನ್ನು ಬರೆದಿರುತ್ತಾನೆ ಎಂದು ನಂಬಿ, ಅದರ ಗೆರೆ ಗುರುತುಗಳನ್ನು ಓದುವ ಪುರೋಹಿತರಿದ್ದರು. ಅದಕ್ಕಾಗಿ ಮಾಡಿದ ಮಣ್ಣಿನ ಯಕೃತ್ತಿನ ಮಾದರಿಯೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 1900ರಿಂದ 1600ರ ನಡುವಿನದು. ನಿಮ್ಮ ಗಣಿತದ ಪುಸ್ತಕದ ಚೌಕಗಳ ಹಾಗೆ ಮೇಲೆಲ್ಲ ಮನೆಗಳು, ಮನೆಗೊಂದು ಸಣ್ಣ ತೂತು, ತೂತಿನ ಸುತ್ತ ಬರಹ.

ಯೆಹೂದ್ಯರ ಹೀಬ್ರೂ ಧರ್ಮಗ್ರಂಥದಲ್ಲಿ ಯೋಚನೆಯ ಜಾಗ ಹೃದಯ. ಆದರೆ ಮನಸ್ಸಿನ ತೀರಾ ಒಳಗಿನ ಗುಟ್ಟು, ಆತ್ಮಸಾಕ್ಷಿ ಇರುವುದು ಮೂತ್ರಪಿಂಡದಲ್ಲಿ! ದೇವರು ಮನುಷ್ಯನನ್ನು ಪರೀಕ್ಷಿಸುವಾಗ ಈ ಎರಡನ್ನೂ ನೋಡುತ್ತಾನೆ ಎಂಬುದು ಅಲ್ಲಿನ ನಂಬಿಕೆ. ಆ ಭಾಷೆಯಲ್ಲಿ ಕರುಣೆ ಎಂಬ ಪದಕ್ಕೂ ತಾಯಿಯ ಗರ್ಭ ಎಂಬ ಪದಕ್ಕೂ ನಂಟಿದೆ. ಇದನ್ನು ಹೇಳಿದಾಗ ನನಗೆ ನಮ್ಮ 'ಕರುಳು' ನೆನಪಾಯಿತು. ಮಗು ಬಿದ್ದರೆ ತಾಯಿಯ ಕರುಳು ಚುರುಕ್ ಎನ್ನುತ್ತದೆ. ಸ್ವಂತ ಮಕ್ಕಳನ್ನು ಕರುಳಿನ ಕುಡಿ ಎನ್ನುತ್ತೇವೆ.

ನಮ್ಮ ದೇಶದಲ್ಲಿ? ಉಪನಿಷತ್ತಿನ ಋಷಿಗಳು ಹೃದಯದೊಳಗೆ ಒಂದು ಪುಟ್ಟ ಕಮಲದಂಥ ಮನೆಯನ್ನು ಕಂಡರು. ಅದರೊಳಗಿನ ಚಿಕ್ಕ ಆಕಾಶದಲ್ಲಿ ಹೊರಗಿನ ಆಕಾಶವೆಲ್ಲ ಅಡಗಿದೆ ಎಂದರು. ಆಯುರ್ವೇದದ ಸುಶ್ರುತ ಸಂಹಿತೆಯ ಪ್ರಕಾರ ಹೃದಯ ಕೆಳಮುಖವಾದ ಕಮಲದ ಹಾಗಿದೆ. ನಾವು ಎಚ್ಚರವಿದ್ದಾಗ ಅರಳಿರುತ್ತದೆ, ಮಲಗಿದಾಗ ಮುಚ್ಚಿಕೊಳ್ಳುತ್ತದೆ. ಚರಕ ಸಂಹಿತೆಯೂ ಚೈತನ್ಯದ ನೆಲೆ ಹೃದಯ ಎಂದಿತು. ಆದರೆ ಭೇಲ ಸಂಹಿತೆ ಎಂಬ ಇನ್ನೊಂದು ಹಳೆಯ ಆಯುರ್ವೇದ ಗ್ರಂಥ, ಮನಸ್ಸು ಇರುವುದು ತಲೆಯಲ್ಲಿ, ಅಂಗುಳಿನ ಮೇಲೆ ಎಂದಿತು. ನಮ್ಮ ಹಿರಿಯರಲ್ಲೂ ಈ ವಿಷಯಕ್ಕೆ ಎರಡು ಮಾತಿತ್ತು.

*

ಹಾಗಾದರೆ ಮೆದುಳಿನ ಗುಟ್ಟು ಬಯಲಾದದ್ದು ಹೇಗೆ? ಮೊದಲ ಸುಳಿವು ಸಿಕ್ಕಿದ್ದು ಗಾಯಾಳುಗಳಿಂದ.

1862ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕನ್ನನು ಈಜಿಪ್ಟಿನ ಲಕ್ಸರ್‌ನಲ್ಲಿ ಒಂದು ಪಪೈರಸ್ ಸುರುಳಿ ಕೊಂಡ. ಸುಮಾರು ಕ್ರಿ.ಪೂ. 1600ರಲ್ಲಿ ಬರೆದದ್ದು, ಅದಕ್ಕೂ ಹಳೆಯ ಗ್ರಂಥವೊಂದರ ಪ್ರತಿ. ಅದರಲ್ಲಿ ಪೆಟ್ಟು ಬಿದ್ದ 48 ರೋಗಿಗಳ ವಿವರಗಳಿವೆ. ತಲೆಬುರುಡೆ ಒಡೆದವನೊಬ್ಬ ಕಾಲು ಎಳೆದುಕೊಂಡು ನಡೆಯುತ್ತಿದ್ದಾನೆ. ಕಣ್ಣಿನ ಪಕ್ಕ ಕಪೋಲಕ್ಕೆ ಪೆಟ್ಟು ಬಿದ್ದ ಇನ್ನೊಬ್ಬನಿಗೆ ಮಾತೇ ನಿಂತುಹೋಗಿದೆ. ವೈದ್ಯ ಇದನ್ನೆಲ್ಲ ಗಮನಿಸಿ ಬರೆದಿಟ್ಟಿದ್ದಾನೆ. ಮೆದುಳಿನ ಬಗ್ಗೆ ಜಗತ್ತಿನಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲಿ ಇದೊಂದು. ಒಂದೇ ನಾಡಿನಲ್ಲಿ ಮಮ್ಮಿ ಮಾಡುವವನು ಮೆದುಳನ್ನು ಎಳೆದು ಬಿಸಾಡುತ್ತಿದ್ದ, ಗಾಯಾಳುವಿನ ಪಕ್ಕ ಕೂತ ವೈದ್ಯನಿಗೆ ತಲೆಗೂ ಮಾತಿಗೂ ನಂಟಿದೆ ಎಂಬ ಸುಳಿವು ಸಿಕ್ಕಿತ್ತು.

ಗ್ರೀಕರಲ್ಲಿ ಕ್ರೋಟಾನ್ ಊರಿನ ಆಲ್ಕ್‌ಮಿಯನ್ ಮೆದುಳೇ ಅರಿವಿನ ಜಾಗ ಎಂದ. ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದುಬಂದ ವೈದ್ಯಗ್ರಂಥಗಳಲ್ಲೊಂದು, ಮೂರ್ಛೆರೋಗ ದೇವರ ಶಾಪವಲ್ಲ, ಮೆದುಳಿನ ಕಾಯಿಲೆ ಎಂದು ವಾದಿಸಿತು. ನಮ್ಮ ನಗುವೂ ಅಳುವೂ ಅಲ್ಲಿಂದಲೇ ಬರುವುದು ಎಂದಿತು.

"ಅಷ್ಟು ಹೊತ್ತಿಗೇ ಗೊತ್ತಾಗಿತ್ತಲ್ಲ!" ಎಂದ ಅಣ್ಣ.

ಇರು, ಎಲ್ಲರೂ ಒಪ್ಪಬೇಕಲ್ಲ. ಕ್ರಿ.ಪೂ. 384ರಲ್ಲಿ ಹುಟ್ಟಿದ ಅರಿಸ್ಟಾಟಲ್ ಮಹಾ ಪಂಡಿತ. ಕಾವು ಕೊಟ್ಟ ಕೋಳಿಮೊಟ್ಟೆಯೊಳಗೆ ಮರಿ ಬೆಳೆಯುವುದನ್ನು ಅವನು ವಿವರಿಸಿದ್ದಾನೆ. ಮೂರು ದಿನ ಕಳೆಯುವ ಹೊತ್ತಿಗೆ ಬಿಳಿಯ ನಡುವೆ ಒಂದು ಕೆಂಪು ಚುಕ್ಕಿ ಮಿಡಿಯುತ್ತಿರುತ್ತದೆ. ಅದೇ ಮರಿಯ ಹೃದಯ. ಎಲ್ಲಕ್ಕಿಂತ ಮೊದಲು ಜೀವ ತಳೆದದ್ದೇ ಎಲ್ಲಕ್ಕೂ ಒಡೆಯ ಎಂದು ಅವನು ತೀರ್ಮಾನಿಸಿದ. ಮೆದುಳು? ಅದು ರಕ್ತದ ಬಿಸಿ ಆರಿಸುವ ಅಂಗ ಎಂದ. ಅಷ್ಟು ಚೆನ್ನಾಗಿ ನೋಡಿದವನೂ ತಪ್ಪು ಮಾಡಿದ. ನೋಡಿದ್ದು ಸರಿ, ಊಹಿಸಿದ್ದು ತಪ್ಪು.

ಕ್ರಿ.ಶ. 2ನೇ ಶತಮಾನದಲ್ಲಿ ರೋಮ್ ನಗರದಲ್ಲಿ ಗೇಲನ್ ಎಂಬ ವೈದ್ಯ ಜನರ ಮುಂದೆ ಒಂದು ಪ್ರಯೋಗ ಮಾಡಿ ತೋರಿಸಿದ. ಕಿರುಚುತ್ತಿದ್ದ ಹಂದಿಯ ಗಂಟಲಿನ ನರಕ್ಕೆ ದಾರ ಬಿಗಿದ. ಕಿರುಚಾಟ ತಟ್ಟನೆ ನಿಂತಿತು. ಹಂದಿ ಬದುಕಿತ್ತು, ಹೃದಯ ಬಡಿಯುತ್ತಲೇ ಇತ್ತು. ದಾರ ಸಡಿಲಿಸಿದರೆ ಮತ್ತೆ ಕಿರುಚಾಟ. ಆ ನರ ಮೆದುಳಿನಿಂದ ಬರುತ್ತದೆ. ಅಂದರೆ ದನಿಗೆ ಅಪ್ಪಣೆ ಬರುವುದು ಮೇಲಿನಿಂದ. (ಇವತ್ತು ಪ್ರಾಣಿಗಳಿಗೆ ಇಂಥ ನೋವು ಕೊಡಲು ಯಾರೂ ಒಪ್ಪುವುದಿಲ್ಲ. ಪುಟ್ಟಿ ಆ ಹಂದಿಗಾಗಿ ಬೇಸರಪಟ್ಟುಕೊಂಡಳು.) ಇಷ್ಟೆಲ್ಲ ಆದ ಮೇಲೂ ಹೃದಯವೋ ಮೆದುಳೋ ಎಂಬ ವಾದ ನೂರಾರು ವರ್ಷ ನಡೆಯಿತು.

*

ಈಗ ವಿಜ್ಞಾನದ ಮಾತು ಸ್ಪಷ್ಟ. ಯೋಚನೆ, ನೆನಪು, ಪ್ರೀತಿ, ಭಯ ಇವುಗಳ ಮುಖ್ಯ ಜಾಗ ಮೆದುಳು. ಅಣ್ಣ ಗೆದ್ದ.

ಆದರೆ ಪೂರ್ತಿ ಗೆಲ್ಲಲಿಲ್ಲ! ನಾಯಿ ಅಟ್ಟಿಸಿಕೊಂಡು ಬಂದಿತು ಎಂದಿಟ್ಟುಕೊಳ್ಳಿ. ಮೆದುಳು ನರಗಳ ಮೂಲಕ ಸುದ್ದಿ ಕಳಿಸುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಾಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ. ಹೊಟ್ಟೆ ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ. ಪರೀಕ್ಷೆಯ ದಿನ ಹೊಟ್ಟೆ ಕಲಸುವುದು ಸುಳ್ಳು ನೆಪವಲ್ಲ. ಎದೆ, ಹೊಟ್ಟೆಗಳಿಂದ ಮೆದುಳಿಗೂ ಸುದ್ದಿ ಹೋಗುತ್ತಲೇ ಇರುತ್ತದೆ. ಹಳಬರು ತಮಗೆ ಅನ್ನಿಸಿದ ಜಾಗವನ್ನು ಸರಿಯಾಗಿಯೇ ಮುಟ್ಟಿ ತೋರಿಸಿದರು. ಅಪ್ಪಣೆ ಎಲ್ಲಿಂದ ಬಂತು ಎಂಬುದು ಮಾತ್ರ ಅವರಿಗೆ ಕಾಣಲಿಲ್ಲ.

ನಮ್ಮ ಮಾತಿನಲ್ಲಿ ಆ ಹಳೆಯ ನಂಬಿಕೆಗಳೆಲ್ಲ ಇನ್ನೂ ಉಳಿದಿವೆ. ಧೈರ್ಯಕ್ಕೆ ಎದೆಗಾರಿಕೆ. ಬಹಳ ಧೈರ್ಯಕ್ಕೆ ಎಂಟೆದೆ. ಅಸೂಯೆಗೆ ಹೊಟ್ಟೆಕಿಚ್ಚು. ಕೋಪ ಮಿತಿಮೀರಿದರೆ ಪಿತ್ತ ನೆತ್ತಿಗೇರಿತು. ಬೇಗ ಸಿಟ್ಟಾಗುವವರಿಗೆ ಮೂಗಿನ ತುದಿಯಲ್ಲೇ ಕೋಪ!

*

ಇಷ್ಟು ಹೇಳಿ ನಾನು ನಿಲ್ಲಿಸಿದೆ. ಪುಟ್ಟಿ ಬಿಡಲಿಲ್ಲ. "ದೊಡ್ಡಜ್ಜಿ ವಿಷಯ ಹೇಳ್ಲೇ ಇಲ್ಲ."

ಹೇಳುತ್ತೇನೆ. ಮೆದುಳು ಒಂದೇ ಕೋಣೆಯ ಮನೆಯಲ್ಲ. ಹೊಸ ನೆನಪುಗಳನ್ನು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಒಂದು ಕಡೆ ಇದೆ. ಭಯ, ಖುಷಿಯಂಥ ಭಾವನೆಗಳಲ್ಲಿ ದೊಡ್ಡ ಪಾತ್ರ ವಹಿಸುವ, ಬಾದಾಮಿ ಬೀಜದ ಆಕಾರದ ಅಮಿಗ್ಡಲ ಅದರ ಪಕ್ಕದಲ್ಲಿದೆ. ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಏಟು ಬೀಳುವುದು ನೆನಪಿನ ಕೋಣೆಗೆ. ಇಂಥ ರೋಗಿಗಳನ್ನು ಪರೀಕ್ಷಿಸಿದವರು ಒಂದು ವಿಷಯ ಕಂಡುಕೊಂಡಿದ್ದಾರೆ. ನಡೆದ ಘಟನೆ ಮರೆತುಹೋದ ಮೇಲೂ ಅದರಿಂದ ಆದ ಖುಷಿಯೋ ಬೇಸರವೋ ಮನಸ್ಸಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಯಾಕೆ ಖುಷಿಯಾಗಿದ್ದೇನೆ ಎಂದು ಅವರಿಗೆ ಗೊತ್ತಿರುವುದಿಲ್ಲ, ಖುಷಿಯಾಗಿರುತ್ತಾರೆ.

"ನೀನು ದಿನಾ ಸ್ಕೂಲಿಂದ ಬಂದು ದೊಡ್ಡಜ್ಜಿ ಪಕ್ಕ ಕೂತ್ಕೋತೀಯಲ್ಲ, ಆಗ ಅವ್ರು ಏನ್ಮಾಡ್ತಾರೆ?" ಎಂದು ಕೇಳಿದೆ.

"'ಯಾರ ಮನೆ ಮಗೂನಮ್ಮಾ ನೀನು?' ಅಂತಾರೆ. ಆಮೇಲೆ ತಲೆ ಸವರ್ತಾರೆ. ಅವರ ಬಿಸ್ಕತ್ತಲ್ಲಿ ಅರ್ಧ ಕೊಡ್ತಾರೆ."

"ನೀನು ಎದ್ದು ಹೋದ್ಮೇಲೆ?"

"ಗೊತ್ತಿಲ್ಲ."

"ನನಗೆ ಗೊತ್ತು. ನೀನು ಹೋದ ಮೇಲೂ ಅವರು ತಮ್ಮಷ್ಟಕ್ಕೆ ನಗ್ತಾ ಕೂತಿರ್ತಾರೆ. ನೀನು ಬಾರದ ದಿನ ಹಾಗೆ ಕೂರಲ್ಲ."

ಇದು ನಾನು ಸಮಾಧಾನಕ್ಕೆ ಕಟ್ಟಿದ ಮಾತಲ್ಲ, ಕಣ್ಣಾರೆ ನೋಡಿದ್ದು. ಅಕ್ಕನ ನೆನಪು ವಾಪಸ್ ಬರುತ್ತದೆ ಎಂದು ಪುಟ್ಟಿಗೆ ನಾನು ಹೇಳಲಿಲ್ಲ, ಬರುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಮಕ್ಕಳಿಗೆ ಸುಳ್ಳು ಹೇಳಿದರೆ ಆ ತಕ್ಕಡಿಯ ಮುಂದೆ ನಾನೂ ನಿಲ್ಲಬೇಕಾಗುತ್ತದೆ. ಆದರೆ ಹೆಸರು ಅಳಿಸಿಹೋದ ಮೆದುಳಿನಲ್ಲಿ ಪ್ರೀತಿಗೆ ಇನ್ನೂ ಜಾಗವಿದೆ, ಅದನ್ನು ದಿನಾ ಹೊಸದಾಗಿ ತುಂಬಬೇಕು, ಅಷ್ಟೇ ಎಂದೆ. ಅಣ್ಣ ಏನೂ ಹೇಳಲಿಲ್ಲ. ಒಳಗೆ ಹೋಗಿ ಕೆಂಪು ಪೆನ್ನು ತಂದು ತಂಗಿಯ ಕೈಯಲ್ಲಿಟ್ಟ.

ಮೊನ್ನೆ ಹುಟ್ಟುಹಬ್ಬದ ದಿನ ಪುಟ್ಟಿ ಕಾರ್ಡು ಕೊಟ್ಟಳು. ಹೃದಯ ಹಾಗೇ ಇತ್ತು. ಅದರೊಳಗೆ ದೊಡ್ಡ ಅಕ್ಷರದಲ್ಲಿ "ನಾನು ನಿಮ್ಮ ಪುಟ್ಟಿ" ಎಂದು ಬರೆದಿದ್ದಳು. ಅಕ್ಕನಿಗೆ ಓದು ಮರೆತಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು ಜೋರಾಗಿ ಓದಿದರು. ಕಾರ್ಡು ನೋಡಿದರು, ಮಗುವಿನ ಮುಖ ನೋಡಿದರು. "ಓಹೋ, ನೀನು ನಮ್ಮ ಪುಟ್ಟೀನಾ!" ಎಂದರು. ಮರುದಿನ ಬೆಳಿಗ್ಗೆ ಮತ್ತೆ ಮರೆತಿದ್ದರು. ಪುಟ್ಟಿ ಮತ್ತೆ ಕಾರ್ಡು ತೋರಿಸಿದಳು. ಮತ್ತೆ ಅದೇ "ಓಹೋ!" ಈಗ ಕಾರ್ಡು ಅಕ್ಕನ ದಿಂಬಿನ ಪಕ್ಕದಲ್ಲಿದೆ. ಅಣ್ಣ ಅದರ ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ಒಂದು ಮೆದುಳು ಬರೆದು ತನ್ನ ಹೆಸರನ್ನೂ ಸೇರಿಸಿದ್ದಾನೆ.

ಮಕ್ಕಳೇ, ಈ ವಾರದ ಕೆಲಸ. ಅಜ್ಜ ಅಜ್ಜಿಯ ಜೊತೆ ಕೂತು ಎದೆ, ಹೊಟ್ಟೆ, ಕರುಳು, ತಲೆ, ಪಿತ್ತ ಎಂಬ ಪದಗಳು ಬರುವ ಮಾತುಗಳ ಪಟ್ಟಿ ಮಾಡಿ. ನಮ್ಮ ಮನೆಯಲ್ಲಿ ಒಂದು ಸಂಜೆಗೆ 23 ಸಿಕ್ಕವು. ಅದರಲ್ಲಿ ನಾಲ್ಕನ್ನು ಹೇಳಿದ್ದು ದೊಡ್ಡಜ್ಜಿ.

ಮುಂದಿನ ವಾರ ಸಿಗೋಣ.

ನಿಮ್ಮ ತಾತ